ಗದ್ದಕ್ಕೆ ಅರಿಸಿನ

ಸೂಜಿ ಹೊಸದು ಎಂದು ದೀಪ ಹೇಳಿದಳು. ಕೇಳದೆಯೇ ಹೇಳಿದ್ದರಿಂದ ಯಶೋದಳಿಗೆ ಅನುಮಾನ ಬಂತು. ಅರಕೆರೆಯ ಹೆಂಗಸರ ಹಾಲಿನ ಸೊಸೈಟಿಯ ಕಿಟಕಿಯಲ್ಲಿ ಆರು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತ ಕೂತವಳು ಅವಳು. ಕ್ಯಾನು ಕೆಳಗಿಡುವ ಮೊದಲೇ ಒಂದು ತೊಟ್ಟು ನೀರು ಬಿದ್ದಿಲ್ಲ ಕಣವ್ವ ಎಂದು ಶುರುಮಾಡುವವರ ಹಾಲನ್ನು ಎರಡು ಸಲ ನೋಡಬೇಕೆನ್ನುವುದು ಯಾರೂ ಕಲಿಸದೆ ಬಂದ ವಿದ್ಯೆ. ಪೊಟ್ಟಣ ಎಲ್ಲಿ, ನನ್ನ ಕಣ್ಣೆದುರೇ ಒಡೆಯಬೇಕೆಂದು ಮಾತಾಗಿತ್ತಲ್ಲ, ಎಂದಳು. ದೀಪ ಬುಟ್ಟಿಯಿಂದ ಹರಿದ ಪೊಟ್ಟಣವೊಂದನ್ನು ಎತ್ತಿ ಕೈಗಿಟ್ಟಳು. ಹರಿದ ಪೊಟ್ಟಣ ಯಾವತ್ತಿನದಾದರೂ ಆಗಿರಬಹುದು. ಇವತ್ತಿನದೇ ಎನ್ನುವುದಕ್ಕೆ ಏನು ಸಾಕ್ಷಿ? ಬೇರೆ ಒಡೆಯಿರಿ ಎಂದಳು. ದೀಪ ಇನ್ನೊಂದು ಒಡೆದು, ಕೂದಲಿಗಿಂತ ತುಸುವೇ ದಪ್ಪವಿದ್ದ ಸೂಜಿಯನ್ನು ಇಕ್ಕಳದ ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿದಳು. ಅವಳ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋದದ್ದನ್ನು ಯಶೋದ ಮನಸ್ಸಿನಲ್ಲಿ ಗುರುತುಹಾಕಿಕೊಂಡಳು. ಹೊರಗೆ ಹೋದ ಮೇಲೆ ಇವಳು ಯಾರ ಹತ್ತಿರವೋ ಇದನ್ನು ಹೇಳಿ ನಗುತ್ತಾಳೆ.

ಈ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ, ಆ ಕಾರಣ ಯಶೋದಳೇ ಎನ್ನುವುದು ಬೇರೆ ಮಾತು. ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಟೈಲರ್ ಅಂಗಡಿಯ ಮಹಡಿಯ ಮೇಲೆ ದೀಪ ಈ ಪಾರ್ಲರು ಇಟ್ಟು ಎರಡು ವರ್ಷವಾಗಿತ್ತು. ಕರೆಂಟಿನ ಸೂಜಿಯಿಂದ ಮುಖದ ಕೂದಲಿನ ಬೇರು ಸುಡುವ ಕೆಲಸವನ್ನು ಮೈಸೂರಿನಲ್ಲಿ ಕಲಿತಿದ್ದಳಂತೆ. ಆ ಕೆಲಸಕ್ಕೆ ಗುರುವಾರ ಮಾತ್ರ. ಮೊದಲ ಸಲ ಬಂದಾಗ, ಒಬ್ಬೊಬ್ಬರಿಗೆ ಒಂದೊಂದು ಸೂಜಿ, ಕುದಿಸಿ ಸ್ಪಿರಿಟ್ಟಿನ ಸೀಸೆಯಲ್ಲಿ ಇಟ್ಟಿರುತ್ತೇನೆ ಎಂದು ಹೇಳಿ ಸೀಸೆಯ ಮೇಲೆ ಚೀಟಿ ಅಂಟಿಸಿ 'ಅರಕೆರೆ' ಎಂದು ಬರೆದಿದ್ದಳು. ಅರಕೆರೆಯಿಂದ ಪಟ್ಟಣಕ್ಕೆ ದಿನಕ್ಕೆ ಎಷ್ಟು ಬಸ್ಸು, ಎಷ್ಟು ಕಣ್ಣು! ಯಶೋದ ಚೀಟಿ ಕೀಳಿಸಿ ನಾಗಮಂಗಲ ಎಂದು ಬರೆಸಿದಳು. ಮುಂದಿನ ವಾರ ಬಂದರೆ ಸೀಸೆ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಳಿದಿತ್ತು. ನಿಜವಾಗಿಯೂ ನಾಗಮಂಗಲದಿಂದ ಒಬ್ಬಳು ಬಂದಿದ್ದರೆ? ತನ್ನ ಸೂಜಿ ಅವಳ ಮೂತಿಗೆ ಹೋಗಿ ಬಂದಿದ್ದರೆ? ತಾನೇ ಹೇಳಿದ ಸುಳ್ಳು ತನ್ನನ್ನೇ ಕಚ್ಚಲು ಬಂದಿತ್ತು. ಅವತ್ತಿನಿಂದ ಸೀಸೆಯ ಗೊಡವೆಯೇ ಬೇಡ, ಪ್ರತಿ ಸಲವೂ ಹೊಸ ಸೂಜಿ, ಕಣ್ಣೆದುರು ಒಡೆಯಬೇಕು ಎಂದು ಕಟ್ಟುಮಾಡಿಕೊಂಡಿದ್ದಳು. ಮೆಟ್ಟಿಲು ಹತ್ತುವಾಗ ಕೈಚೀಲದಿಂದ ಒಂದು ರವಿಕೆ ಕಣ ಇಣುಕುತ್ತಿರಬೇಕು, ನೋಡಿದವರು ಟೈಲರ್ ಹತ್ತಿರ ಹೋದಳು ಅಂದುಕೊಳ್ಳಬೇಕು. ಇದು ನಾಲ್ಕನೇ ಗುರುವಾರ. ಅದೇ ಕಣ ನಾಲ್ಕನೇ ಸಲ ಮೆಟ್ಟಿಲು ಹತ್ತಿತ್ತು.

ಕರೆಂಟಿನ ಇನ್ನೊಂದು ತುದಿಯಾದ, ಒದ್ದೆ ಬಟ್ಟೆ ಸುತ್ತಿದ ಕಂಬಿಯನ್ನು ದೀಪ ಅವಳ ಅಂಗೈಗೆ ಕೊಟ್ಟಳು. ಭೂತಗನ್ನಡಿಯ ಬೆಳಕು ಗದ್ದದ ಮೇಲೆ ಬಿತ್ತು. ಸೂಜಿ ಕೂದಲಿನ ಪಕ್ಕದಲ್ಲೇ ಜಾರಿ ಒಳಗೆ ಹೋಗುವುದು ನೋಯುವುದಿಲ್ಲ. ಕಾಲಿನ ಗುಂಡಿ ಒತ್ತಿದ ಮೇಲೆ ಕೆಂಪಿರುವೆ ಕಚ್ಚಿ ಹಿಡಿದುಕೊಂಡಂತೆ ಉರಿಯುತ್ತದೆ, ಹತ್ತು ಎಣಿಸುವವರೆಗೆ. ಆಮೇಲೆ ಇಕ್ಕಳದಲ್ಲಿ ಎತ್ತಿದರೆ ಕೂದಲು ಬೆಣ್ಣೆಯಿಂದ ಬಂದಂತೆ ಬರಬೇಕು. ಎಳೆದ ಹಾಗಾದರೆ ಬೇರು ಸತ್ತಿಲ್ಲ, ಕಿತ್ತಂತೆಯೇ ಲೆಕ್ಕ. ಹೀಗೆಂದು ದೀಪಳೇ ಮೊದಲ ದಿನ ಬಾಯಿಬಿಟ್ಟಿದ್ದಳು. ಯಶೋದ ಕಣ್ಣುಮುಚ್ಚಿ ಆ ಎಳೆತಕ್ಕಾಗಿಯೇ ಕಾಯುತ್ತಿದ್ದಳು. ಏಳನೆಯದು ಎಳೀತು, ಎಂದಳು. ದೀಪ ಅದೇ ಜಾಗಕ್ಕೆ ಮತ್ತೆ ಹೋಗಲಿಲ್ಲ. ಒಂದೇ ತೂತಿಗೆ ಎರಡು ಸಲ ಹೋದರೆ ಕಲೆ ಉಳಿಯುತ್ತೆ, ಮುಂದಿನ ವಾರ ನೋಡೋಣ ಎಂದಳು. ಮುಂದಿನ ವಾರ ಬರಲಿ ಎಂದೇ ಒಂದನ್ನು ಉಳಿಸಿಕೊಂಡಳೋ ಏನೋ.

ಸೂಜಿಗೆ ಬರುವ ಮೊದಲು ಯಶೋದ ಎಲ್ಲವನ್ನೂ ಪರೀಕ್ಷೆ ಮಾಡಿಯೇ ಬಂದಿದ್ದಳು, ನೋಡದೆ ಬಂದಳೆಂಬ ಅಪವಾದ ಅವಳ ಮೇಲೆ ಹೊರಿಸುವಂತಿಲ್ಲ. ಕೆ.ಆರ್. ಪೇಟೆಯಲ್ಲಿರುವ ದೊಡ್ಡಪ್ಪನ ಮಗಳು ದಿವ್ಯ ಟೀವಿಯಲ್ಲಿ ನೋಡಿ ಅಂಚೆಯಲ್ಲಿ ತರಿಸಿದ್ದ ಯಂತ್ರವೊಂದಿತ್ತು. ಸೂಜಿಯಿಲ್ಲ, ಚುಚ್ಚುವುದಿಲ್ಲ, ಕೂದಲನ್ನು ಇಕ್ಕಳದಲ್ಲಿ ಹಿಡಿದುಕೊಂಡರೆ ಕರೆಂಟು ತಾನೇ ಬೇರಿಗೆ ಇಳಿಯುತ್ತದೆ ಎಂದು ಡಬ್ಬದ ಮೇಲೆ ನಗುವ ಬಿಳಿ ಹೆಂಗಸಿನ ಚಿತ್ರ. ಬೂಕನಕೆರೆಯಲ್ಲಿ ಮದುವೆಯೊಂದಕ್ಕೆ ಹೋದವಳು ದಾರಿ ಬಳಸಿ ದಿವ್ಯಳ ಮನೆಗೆ ಹೋಗಿ ಅದನ್ನು ಎರಡು ತಿಂಗಳಿಗೆಂದು ಇಸಿದುಕೊಂಡು ಬಂದಳು. ಗದ್ದದ ಎಡಗಡೆ ಯಂತ್ರದಿಂದ, ಬಲಗಡೆ ಬರೀ ಕೈಯಿಂದ ಕಿತ್ತಳು. ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಚುಕ್ಕೆ. ನಲವತ್ತನೇ ದಿನಕ್ಕೆ ಎರಡೂ ಕಡೆ ಒಂದೇ ಸಮ ಬಂದವು. ಹಾಗಾಗಿ ಯಂತ್ರ ಮೋಸ. ದಿವ್ಯಳಿಗೆ ಅದು ಗೊತ್ತಿದ್ದೂ ಕೊಟ್ಟಳೇ? ಆಮೇಲೆ ದೀಪಳ ಹತ್ತಿರ ಬಂದು ಬರೀ ಉಕ್ಕಿನ ಸೂಜಿಯೇ, ಚಿನ್ನದ ನೀರು ಹಾಕಿದ್ದೇ ಎನ್ನುವ ವಿಚಾರಣೆ. ಕೆಲವರ ಮೈಗೆ ಉಕ್ಕು ಆಗಿಬರುವುದಿಲ್ಲ, ನವೆ ಬರುತ್ತದೆ, ಅಂಥವರಿಗೆ ಚಿನ್ನದ್ದು ಎಂದಳು ದೀಪ. ಯಶೋದಳ ಕಿವಿಗೆ ಗಿಲೀಟಿನ ಓಲೆ ಹಾಕಿದರೆ ಕೀವು ಬರುತ್ತಿತ್ತಾದ್ದರಿಂದ ಚಿನ್ನದ್ದನ್ನೇ ಆರಿಸಿಕೊಂಡಳು. ಒಂದನ್ನು ಇಸಿದುಕೊಂಡು ಉಗುರಿನಲ್ಲಿ ಕೆರೆದೂ ನೋಡಿದ್ದಳು. ದಪ್ಪ ಕೂದಲಿಗೆ ತೆಳು ಸೂಜಿ ಹಾಕಿದರೆ ಬೇರು ಉಳಿಯುತ್ತದೆ, ತೆಳು ಕೂದಲಿಗೆ ದಪ್ಪ ಸೂಜಿಯಾದರೆ ಚರ್ಮ ಸುಡುತ್ತದೆ ಎನ್ನುವುದನ್ನು ಕೇಳಿ ತಿಳಿದುಕೊಂಡು, ಎರಡು ಅಳತೆಯದನ್ನೂ ಕೂದಲಿನ ಪಕ್ಕ ಹಿಡಿಸಿ ನೋಡಿದ್ದಳು. ತಿಂಗಳು ಸರಿಯಾಗಿ ಆಗ್ತದಾ, ಒಂದು ಸಲ ಲೇಡಿ ಡಾಕ್ಟರಿಗೆ ತೋರಿಸಿ, ಒಳಗಿನ ಕಾರಣ ಇದ್ದರೆ ಸೂಜಿ ಒಂದರಿಂದಲೇ ಮುಗಿಯುವುದಿಲ್ಲ ಎಂದಳು ದೀಪ. ಮಕ್ಕಳಾಗದ ಸುದ್ದಿಗೆ ಇವಳು ಬಳಸಿಕೊಂಡು ಬರುತ್ತಿದ್ದಾಳೆ ಎಂದುಕೊಂಡು, ಎಲ್ಲ ಸರಿಯಾಗಿದೆ ಎಂದುಬಿಟ್ಟಿದ್ದಳು. ಸರಿಯಾಗಿರಲಿಲ್ಲ.

ಇಷ್ಟು ವರ್ಷ ಗಂಡನ ಬ್ಲೇಡಿನಲ್ಲಿ ಕಳೆದಿದ್ದವು. ಸಿದ್ದರಾಮು ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅವನು ಇಲ್ಲದ ಹೊತ್ತು ನೋಡಿಕೊಂಡು, ಕೋಳಿ ಕೂಗುವ ಮೊದಲೇ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಕೆರೆದುಕೊಳ್ಳುವುದು. ಒಂದು ದಿನ ಅವನು ಹಜಾರದಲ್ಲಿ ಕೂತು, ಈ ಕಂಪನಿ ಬ್ಲೇಡು ಸರಿಯಿಲ್ಲ, ನಾಕೇ ದಿನಕ್ಕೆ ಮೊಂಡಾಗುತ್ತದೆ ಎಂದು ಗೊಣಗಿ, ಮಾರನೇ ದಿನ ಬೇರೆ ಕಂಪನಿಯದು ತಂದಿದ್ದ. ಬ್ಲೇಡು ಬದಲಿಸಿದವನು ನಿಜವಾಗಿ ಬ್ಲೇಡನ್ನೇ ಬೈದನೋ, ತನಗೆ ಗೊತ್ತಿದೆ ಎಂದು ತಿಳಿಸಿದನೋ? ಏಳು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಗಂಡನ ಕೈ ತನ್ನ ಗದ್ದದ ಕಡೆ ಬಂದಾಗಲೆಲ್ಲ ಮುಖ ಹೊರಳಿಸುವುದನ್ನು ಅವಳು ಕಲಿತಿದ್ದಳು. ಅದನ್ನು ಅವನು ನಾಚಿಕೆ ಎಂದು ತಿಳಿದಿದ್ದನೋ ಬೇಸರ ಎಂದೋ, ಕೇಳುವ ಧೈರ್ಯ ಅವಳಿಗಿರಲಿಲ್ಲ.

ಇನ್ನು ನಾಕೈದು ಸಾಕು ಇವತ್ತಿಗೆ, ಎಂದಳು ದೀಪ. ಸೂಜಿ ಮತ್ತೆ ಇಳಿಯಿತು, ಉರಿ ಬಂತು, ಉರಿಯ ಜೊತೆಗೆ ಬೈರಮ್ಮ ನೆನಪಿಗೆ ಬಂದಳು. ಹನ್ನೊಂದು ದಿನದಿಂದ ಹೀಗೆಯೇ, ಎಲ್ಲಿ ಉರಿದರೂ ಅಲ್ಲಿ ಬೈರಮ್ಮ. ಅವತ್ತು ಸಿದ್ದರಾಮು ಪಾಳಿ ಬದಲಾಗಿ ಬೆಳಗಿನ ಜಾವವೇ ಬಂದು ಬಚ್ಚಲಿಗೆ ನುಗ್ಗಿದ್ದ. ದೀಪ ಮುಟ್ಟದೆ ಉಳಿದಿದ್ದ ಕಡೆ ಎರಡು ದಿನದ ಮೊಳಕೆ ಗದ್ದದ ಮೇಲೆ ಹಾಗೇ ಇತ್ತು. ಸೆರಗನ್ನು ಕೊರಳವರೆಗೆ ಎಳೆದುಕೊಂಡು ಕಿಟಕಿಯಲ್ಲಿ ಕೂತರೆ ಸಾಲಿನಲ್ಲಿ ಮೂರನೆಯವಳು ಬೈರಮ್ಮ, ಅವಳ ಹಿಂದೆ ಮಾರಮ್ಮ. ಬೈರಮ್ಮ ಕಿಟಕಿಯ ಕಡೆ ಒಂದು ಸಲ ನೋಡಿದಳು, ಹಿಂದಕ್ಕೆ ತಿರುಗಿ ಮಾರಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಷ್ಟೇ. ಯಶೋದಳಿಗೆ ಕಿವಿಯವರೆಗೆ ಬಿಸಿಯಾಯಿತು. ಬೈರಮ್ಮನ ಮನೆ ಸೊಸೈಟಿಯ ಗೋಡೆಗೇ ಅಂಟಿಕೊಂಡದ್ದು. ಅವಳ ಹಾಲು ಕೆಚ್ಚಲಿನಿಂದ ಬಂದಷ್ಟೇ ಬಿಸಿಯಾಗಿ, ನೊರೆನೊರೆಯಾಗಿ ಬರುತ್ತದೆ. ಬಿಸಿ ಹಾಲಿನಲ್ಲಿ ಲ್ಯಾಕ್ಟೋಮೀಟರು ಜಾಸ್ತಿ ಮುಳುಗುತ್ತದೆ, ನೀರು ಬೆರೆಸಿದ ಹಾಲಿನಲ್ಲಿ ಮುಳುಗುವ ಹಾಗೆಯೇ. ಆದ್ದರಿಂದ ಅವಳದನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೊರೆ ಇಳಿದು ಆರುವವರೆಗೆ ಕಾದು ನೋಡುವುದು ಆರು ವರ್ಷದ ಪದ್ಧತಿ. ಅವತ್ತು ಕಾಯಲಿಲ್ಲ. ಮರೆತದ್ದಲ್ಲ, ಕಾಯಲಿಲ್ಲ. ನೊರೆಯಲ್ಲೇ ಅದ್ದಿ, ಮುಳುಗಿದ್ದನ್ನು ಎಲ್ಲರಿಗೂ ಎತ್ತಿ ತೋರಿಸಿ, ನೀರು ಎಂದಳು. ಸೊಸೈಟಿಯ ಕಟ್ಟಳೆಯಂತೆ ಹದಿನೈದು ದಿನ ಹಾಲು ಬೇಡ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ, ತಿಂಗಳು ಮುಗಿಯುವವರೆಗೆ ಅಳಿಸುವಂತಿಲ್ಲದ ಜಾಗದಲ್ಲಿ, ತನ್ನ ದುಂಡನೆಯ ಅಕ್ಷರದಲ್ಲಿ ಬೈರಮ್ಮನ ಹೆಸರು ಬರೆದಳು. ಬೈರಮ್ಮ ಜಗಳಗಂಟಿ ಎಂದು ಊರೆಲ್ಲ ಹೇಳುತ್ತಿತ್ತು. ಅವತ್ತು ಮಾತ್ರ ಅವಳು ಕ್ಯಾನು ಎತ್ತಿಕೊಂಡು ಮಾತಿಲ್ಲದೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಅದಾದ ಎರಡನೆಯ ದಿನವೇ ಬೀದಿಯಲ್ಲಿ ಆಡುವ ಹುಡುಗಿಯರ ಬಾಯಲ್ಲಿ ಬೈರಮ್ಮನ ಮನೆ 'ನೀರಾಲಿನವರ ಮನೆ' ಆಗಿತ್ತು. ಅವತ್ತಿನಿಂದ ಯಶೋದ ಸತ್ಯ ಹೇಳುವ ಹೊತ್ತನ್ನು ಮುಂದೂಡುತ್ತ ಬಂದಿದ್ದಳು. ಗದ್ದ ಪೂರ್ತಿ ಸ್ವಚ್ಛವಾಗಲಿ, ಆಮೇಲೆ ಹೇಳುತ್ತೇನೆ. ನುಣುಪು ಮುಖ ಇಟ್ಟುಕೊಂಡು ತಪ್ಪಾಯಿತು ಅನ್ನುವುದು ಒಂದು ತರಹ; ಈ ಗದ್ದ ಇಟ್ಟುಕೊಂಡು ಹೇಳಿದರೆ ಯಾಕೆ ಹಾಗೆ ಮಾಡಿದೆ ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳುವುದು?

ಕೆಲಸ ಮುಗಿಸಿ ದೀಪ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಗದ್ದಕ್ಕೆ ಒತ್ತಿದಳು. ಆ ಮಂಜು ಎಲ್ಲಿಯದು, ಕಬ್ಬಿನ ಹಾಲಿನ ಗಾಡಿಯದೇ ಎಂದು ಕೇಳಿ, ಅಲ್ಲ, ಮನೆಯ ಫ್ರಿಜ್ಜಿನದು ಎನ್ನಿಸಿಕೊಂಡಳು. ಪ್ರತಿ ಸಲದ ಪಾಠ ಮತ್ತೆ ನಡೆಯಿತು. ಮೂರು ದಿನ ಸೋಪು ಬೇಡ, ಬಿಸಿಲು ಬೇಡ, ಒಲೆಯ ಝಳ ಬೇಡ. ಕೈಯಿಂದ ಮುಟ್ಟಬಾರದು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಹತ್ತಿಯಲ್ಲಿ ಒತ್ತಿ ತೆಗೆಯುವುದು, ಉಜ್ಜುವುದಲ್ಲ. ಉರಿ ಜಾಸ್ತಿಯಾದರೆ ಲೋಳೆಸರದ ತಿರುಳು, ಇಲ್ಲವೇ ಆ ಗುಲಾಬಿ ಬಣ್ಣದ ಲೋಷನ್ನು. ಸಾಸಿವೆಕಾಳಿನಂಥ ಹಕ್ಕಳೆ ಕಟ್ಟುತ್ತದೆ, ಅದು ತಾನೇ ಉದುರಬೇಕು. ಕಿತ್ತರೆ ಗುಳಿ ಬೀಳುತ್ತದೆ. ಆಮೇಲೆ ದೀಪ, ಮುಖ್ಯವಾಗಿ ಅರಿಸಿನ ತಾಕಿಸಬೇಡಿ, ಎಂದಳು. ತೆರೆದ ತೂತಿಗೆ ಅಂಗಡಿ ಅರಿಸಿನ ಹೋದರೆ ಕೀವಾಗುತ್ತೆ, ಕಪ್ಪು ಚುಕ್ಕೆ ನಿಂತುಬಿಡುತ್ತೆ, ನಮ್ಮ ಹೆಂಗಸರು ಎಲ್ಲ ಕೇಳ್ತಾರೆ, ಅದೊಂದು ಮಾತ್ರ ಕೇಳಲ್ಲ. ಹಿಂದಿನ ಮೂರು ಸಲವೂ ದೀಪ ಅದನ್ನು ಹೇಳಿದ್ದಳು. ಇವತ್ತು ಮುಖ್ಯವಾಗಿ ಎಂದದ್ದು ಯಾಕೆ?

ಬಸ್ಸಿನಲ್ಲಿ ಕರಿಘಟ್ಟದ ಕಡೆಯ ಕಿಟಕಿಯಲ್ಲಿ ಬಿಸಿಲು ಬೀಳುತ್ತಿತ್ತು. ಆಚೆ ಕಡೆ ಕೂತು, ಕೂತಲ್ಲೇ ಕೊಡೆಯನ್ನು ಅರ್ಧ ಬಿಚ್ಚಿಟ್ಟುಕೊಂಡಳು. ಕಂಡಕ್ಟರು ಒಂದು ಸಲ ನೋಡಿದ. ಎರಡನೆಯ ಸಲ ನೋಡಿದ. ನಾಲೆ ದಾಟಿ ಗದ್ದೆಗಳು ಬಂದವು, ಯಾರದೋ ಕಬ್ಬಿನ ಟ್ರಾಕ್ಟರು ಅಡ್ಡ ನಿಂತು ಬಸ್ಸು ಕಾಲುಗಂಟೆ ಕಾದಿತು. ಎಲ್ಲರೂ ಇಳಿದು ಗಾಳಿಗೆ ನಿಂತರು, ಅವಳು ಇಳಿಯಲಿಲ್ಲ. ಇಳಿಯದೆ ಕೂತದ್ದೇ ಹೆಚ್ಚು ಕಣ್ಣಿಗೆ ಬೀಳುತ್ತದೆ ಎಂದು ಆಮೇಲೆ ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಗಾದೆ ಮಾಡಿದವನು ಹೆಂಗಸಾಗಿದ್ದರೆ ಹೆಗಲಿನ ಬದಲು ಗದ್ದ ಎನ್ನುತ್ತಿದ್ದನೋ ಏನೋ.

ಮನೆಯಲ್ಲಿ ಅತ್ತೆ ಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಡೈರಿ ಕ್ಯಾಂಪಿನ ಕೆಲಸ ಆಯಿತೇ ಎಂದು ಕೇಳಿದಳು. ಗುರುವಾರದ ಸುಳ್ಳು ಅದು. ಆಯಿತು ಎಂದಳು ಯಶೋದ. ಬೈರಮ್ಮ ಬಂದಿದ್ದಳು ಎಂದಳು ಅತ್ತೆ, ಕೈಯ ಕೆಲಸ ಬಿಡದೆ. ಅವಳ ಮಗಳು ಅನು ದೊಡ್ಡವಳಾಗಿ ಹನ್ನೊಂದನೆಯ ದಿನ, ಇವತ್ತು ಸಂಜೆ ಒಸಗೆ. ತಾನೇ ಖುದ್ದು ಬಂದು ಸೊಸೆಗೆಂದು ಅರಿಸಿನ ಕುಂಕುಮ ಇಟ್ಟು ಕರೆದು ಹೋದಳಂತೆ.

ಯಶೋದ ನಿಂತಲ್ಲೇ ನಿಂತಳು. ಹುಡುಗಿ ಮೈನೆರೆದ ಸುದ್ದಿ ಊರಿಗೆಲ್ಲ ಗೊತ್ತಿತ್ತು, ಮನೆಯ ಮುಂದೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿದ್ದನ್ನು ಅವಳೂ ನೋಡಿದ್ದಳು. ತನ್ನನ್ನು ಕರೆಯುವುದಿಲ್ಲ ಎಂದು ನೆಮ್ಮದಿಯಾಗಿದ್ದಳು. ಹಲಗೆಯ ಮೇಲೆ ಹೆಸರು ಬರೆದವಳನ್ನು ಯಾರು ಮನೆಗೆ ಕರೆಯುತ್ತಾರೆ? ಈಗ ಕರೆದಿದ್ದಾಳೆ ಎಂದರೆ ಅದಕ್ಕೆ ಒಂದು ಕಾರಣ ಇರಬೇಕು. ಒಸಗೆಗೆ ಬಂದ ಮುತ್ತೈದೆಯರ ಮುಖಕ್ಕೆ ಮನೆಯಾಕೆ ಅರಿಸಿನ ಹಚ್ಚುತ್ತಾಳೆ: ಎರಡು ಕೆನ್ನೆ, ಆಮೇಲೆ ಗದ್ದ. ಬೈರಮ್ಮನ ಐದು ಬೆರಳು ತನ್ನ ಗದ್ದದ ಮೇಲೆ. ಅದಕ್ಕೇ ಕರೆದಿದ್ದಾಳೆ. ದೀಪಳ ಪಾರ್ಲರಿನ ಕೆಳಗಿನ ಟೈಲರ್ ಅಂಗಡಿಯಲ್ಲಿ ಯಾರೋ ನೋಡಿ ಹೇಳಿದ್ದಾರೆ. ಗುರುವಾರವೇ ಎಂದು ನೋಡಿ ಕರೆದಿದ್ದಾಳೆ. ಹನ್ನೊಂದು ದಿನ ಎಣಿಸಿದರೆ ಗುರುವಾರ ತಾನಾಗಿಯೇ ಬರುತ್ತದೆ ಎನ್ನುವ ಸರಳ ಲೆಕ್ಕ ಅವಳಿಗೆ ಆಗ ಹೊಳೆಯಲಿಲ್ಲ.

ತಲೆನೋವು, ನಾನು ಹೋಗುವುದಿಲ್ಲ ಎಂದಳು. ಗೌರಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. ಗಂಡ ಸತ್ತವಳಾದ್ದರಿಂದ ಅರಿಸಿನದ ಮನೆಗಳಿಗೆಲ್ಲ ಅವಳ ಬದಲು ಸೊಸೆಯೇ ಹೋಗಬೇಕಾಗಿತ್ತು, ಅದೇನು ಹೊಸದಲ್ಲ.

"ನಾನಂತೂ ಓಗೋ ಅಂಗಿಲ್ಲ. ನೀನೂ ಓಗ್ದಿದ್ರೆ ಈ ಮನೆಯೋರು ಅವಳ ಅರಿಸಿನ ಬ್ಯಾಡ ಅಂದಂಗಾಯ್ತದೆ ಕಣೇ. ಆಲು ಬ್ಯಾಡ ಅಂದ್ರೆ ಆಲಷ್ಟೇಯ. ಅರಿಸಿನ ಬ್ಯಾಡ ಅಂದ್ರೆ ಮನೇನೇ ಬ್ಯಾಡ ಅಂದಂಗೆ. ಎಣ್ಣು ಮಗ ಅದೆ ಆ ಮನೇಲಿ, ನಾಳಿಕ್ಕೆ ಯಾರ್ ತಗಂಡಾರು?"

 ಮಧ್ಯಾಹ್ನವೆಲ್ಲ ಯಶೋದ ಒಳಕೋಣೆಯಲ್ಲಿ ಕನ್ನಡಿ ಹಿಡಿದು ಕೂತಿದ್ದಳು. ಗದ್ದದ ಬಲಗಡೆ ಹದಿನಾರು ಕೆಂಪು ಬೊಟ್ಟು, ಒಂದೊಂದರ ಸುತ್ತಲೂ ಸಣ್ಣ ಊತ. ಎಡಗಡೆ ಹಿಂದಿನ ವಾರದ ಹಕ್ಕಳೆ ಇನ್ನೂ ಉದುರದೆ ಕಂದಾಗಿ ಕೂತಿದ್ದವು. ಅವುಗಳ ಮಧ್ಯೆ ಮುಂದಿನ ವಾರಕ್ಕೆ ಕಾದಿದ್ದ ಮೊಂಡು ಕೂದಲು. ಉಪ್ಪುನೀರಿನ ಹತ್ತಿ ಒತ್ತಿದಳು. ಹಿತ್ತಲಿನ ಲೋಳೆಸರ ಮುರಿದು ತಂದು, ಅದರ ಹಳದಿ ಸೋನೆ ಪೂರ್ತಿ ಹರಿದುಹೋಗುವವರೆಗೆ ಕಾದು, ತಿರುಳು ಮಾತ್ರ ಹಚ್ಚಿಕೊಂಡಳು. ಲೋಷನ್ನು ಹಚ್ಚಿ ನೋಡಿದರೆ ಗುಲಾಬಿ ಬಣ್ಣ ಒಣಗಿ ಇನ್ನೂ ಎದ್ದು ಕಂಡಿತು; ಒರೆಸಿದಳು. ಒಂದು ಯೋಚನೆ ಬಂತು: ಹೋಗುವ ಮೊದಲೇ ತಾನೇ ಕೆನ್ನೆಗೆ ಮಾತ್ರ ತೆಳ್ಳಗೆ ಅರಿಸಿನ ಹಚ್ಚಿಕೊಂಡು, ಹಚ್ಚಿಯಾಗಿದೆ ಎಂದು ತಪ್ಪಿಸಿಕೊಳ್ಳಬಹುದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಆದರೆ ಮನೆಯಿಂದ ಅರಿಸಿನ ಹಚ್ಚಿಕೊಂಡು ಒಸಗೆಗೆ ಹೋಗುವುದು, ಉಂಡು ಬಂದಿದ್ದೇನೆ ಎಂದು ಊಟದ ಮನೆಗೆ ಹೋದ ಹಾಗೆ. ಇನ್ನೊಂದು ಯೋಚನೆ: ಹೊರಗಾಗಿದ್ದೇನೆ ಎಂದು ಬಾಗಿಲಲ್ಲೇ ಹೇಳಿ ಬಂದುಬಿಡುವುದು. ನಾಳೆ ಬೆಳಿಗ್ಗೆ ಹಾಲು ಅಳೆಯಲು ಕೂತರೆ ಸುಳ್ಳು ಗೊತ್ತಾಗುತ್ತದೆ. ಮತ್ತೊಂದು, ಎಲ್ಲಕ್ಕಿಂತ ಕೆಟ್ಟದ್ದು: ಇವತ್ತೇ, ಬೈರಮ್ಮ ಹತ್ತಿರ ಬರುವ ಮೊದಲೇ, ಹಾಲಿನ ವಿಷಯ ಹೇಳಿ ಕಣ್ಣೀರು ಹಾಕಿಬಿಟ್ಟರೆ ಆ ಗದ್ದಲದಲ್ಲಿ ಅರಿಸಿನ ಮರೆತು ಹೋಗುತ್ತದೆ. ಈ ಯೋಚನೆ ಬಂದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹನ್ನೊಂದು ದಿನದಿಂದ ಎದೆಯಲ್ಲಿ ಕುಟುಕುತ್ತಿದ್ದ ತಪ್ಪು ಕೊನೆಗೆ ಗದ್ದ ಮುಚ್ಚುವ ಬಟ್ಟೆಯಾಗಬೇಕೇ?

ಐದು ಗಂಟೆಗೆ ಹೋದಳು. ಸೊಸೈಟಿಯ ಬಾಗಿಲು ದಾಟಿಯೇ ಬೈರಮ್ಮನ ಮನೆಗೆ ಹೋಗಬೇಕು. ಹಲಗೆಯ ಕಡೆ ನೋಡಲಿಲ್ಲ. ಮೂವತ್ತು ನಲವತ್ತು ಹೆಂಗಸರು ಕೂರುವ ಹಜಾರದಲ್ಲಿ ಹನ್ನೆರಡು ಜನ ಇದ್ದರು. ಹಾಸಿದ ಜಮಖಾನ ಅರ್ಧ ಖಾಲಿ. ಬರದೆ ಇದ್ದವರು ಯಾಕೆ ಬಂದಿಲ್ಲ ಎನ್ನುವುದು ಬಂದವರ ಮುಖದಲ್ಲಿತ್ತು. ಅನು ಹೊಸ ಸೀರೆಯ ಭಾರಕ್ಕೆ ಬಗ್ಗಿ ಮಣೆಯ ಮೇಲೆ ಕೂತಿದ್ದಳು, ಹದಿಮೂರು ವರ್ಷದ ತೆಳು ಹುಡುಗಿ, ಬಾಗಿಲಿನಲ್ಲಿ ನೆರಳಾದಾಗಲೆಲ್ಲ ಯಾರು ಬಂದರು ಎಂದು ಕತ್ತೆತ್ತಿ ನೋಡುತ್ತಿದ್ದಳು. ಯಶೋದಳನ್ನು ನೋಡಿ ತಟ್ಟನೆ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ಯಶೋದಳನ್ನು ಚುಚ್ಚಿತು. ದೀಪಳ ಸೂಜಿಯೂ ಹಾಗೆ ಚುಚ್ಚಿರಲಿಲ್ಲ. ಅವಳು ಹುಡುಗಿಯ ಕೆನ್ನೆಗೆ ಅರಿಸಿನ ಹಚ್ಚಿ, ಮಡಿಲಿಗೆ ಕಾಯಿ ಇಟ್ಟು, ಹಿಂದಿನ ಸಾಲಿನಲ್ಲಿ ಮಾರಮ್ಮನ ಪಕ್ಕ, ಬೆಳಕಿಗೆ ಬೆನ್ನುಹಾಕಿ ಕೂತಳು. ಮಾರಮ್ಮ ಸರಿದು ಜಾಗ ಕೊಟ್ಟಳು. ಯಾಕಿಷ್ಟು ಮರ್ಯಾದೆ?

ಬೈರಮ್ಮ ಅರಿಸಿನದ ಬಟ್ಟಲು ಹಿಡಿದು ಒಬ್ಬೊಬ್ಬರ ಮುಂದೆ ಕೂತು ಏಳುತ್ತ ಬರುತ್ತಿದ್ದಳು. ದಪ್ಪ ಬೆರಳು, ಹಾಲು ಕರೆದು ಕರೆದು ಹೆಬ್ಬೆರಳಿನ ಗಿಣ್ಣು ಊದಿದ ಕೈ. ಎಡಗೆನ್ನೆ, ಬಲಗೆನ್ನೆ, ಗದ್ದ. ಎಡಗೆನ್ನೆ, ಬಲಗೆನ್ನೆ, ಗದ್ದ. ತನ್ನ ಸರದಿಗೆ ನಾಲ್ಕು ಜನ, ಮೂರು ಜನ. ಸುಮ್ಮನೆ ಕೂತುಬಿಡು, ಉರಿದರೆ ಉರಿಯಲಿ, ಕೀವಾದರೆ ಆಗಲಿ ಎಂದು ಯಶೋದ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ನಿಜ. ಮಾರಮ್ಮನದು ಮುಗಿಯಿತು. ಬೈರಮ್ಮ ಅವಳ ಮುಂದೆ ಕೂತಳು, ಮುಖ ನೋಡಲಿಲ್ಲ, ಬಟ್ಟಲಿನಲ್ಲಿ ಬೆರಳು ಅದ್ದಿ ಎತ್ತಿದಳು. ಹಸಿ ಅರಿಸಿನದ ವಾಸನೆ ಹತ್ತಿರ ಬಂತು. ಯಶೋದಳ ಮುಖ ಅವಳನ್ನು ಕೇಳದೆಯೇ ಹಿಂದಕ್ಕೆ ಹೋಯಿತು. ಏಳು ವರ್ಷ ಗಂಡನ ಕೈಯಿಂದ ತಪ್ಪಿಸಿಕೊಂಡ ಅಭ್ಯಾಸ.

ಬೈರಮ್ಮನ ಕೈ ಗಾಳಿಯಲ್ಲಿ ನಿಂತಿತು. ಹನ್ನೆರಡು ಹೆಂಗಸರೂ ತಿರುಗಿ ನೋಡಿದರು. ಮಣೆಯ ಮೇಲಿನ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನನ್ನ ಆಲೂ ಬ್ಯಾಡ, ನನ್ನ ಅರಿಸಿನಾನೂ ಬ್ಯಾಡ್ವಾ?" ಎಂದಳು ಬೈರಮ್ಮ. ದನಿ ಏರಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿ ಕೇಳಿದಂತಿತ್ತು.

ಇದು ಸಂಚಿನ ಮುಖವಲ್ಲ ಎಂದು ಯಶೋದಳಿಗೆ ಆಗ ತಿಳಿಯಿತು. ಈ ಹೆಂಗಸಿಗೆ ಏನೂ ಗೊತ್ತಿಲ್ಲ. ಕರೆಯದೆ ಇದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದೋ, ಹಾಲು ಅಳೆಯುವವಳೇ ಬಂದು ಅರಿಸಿನ ಹಚ್ಚಿಸಿಕೊಂಡರೆ ನಾಲ್ಕು ಜನ ಬಾಯಿ ಮುಚ್ಚುತ್ತಾರೆ ಎಂದೋ, ಮಗಳಿಗೋಸ್ಕರ ಅಭಿಮಾನ ನುಂಗಿಕೊಂಡು ಬಿಸಿಲಿನಲ್ಲಿ ಬಂದು ಕರೆದು ಹೋಗಿದ್ದಾಳೆ.

"ನಿನ್ನ ಆಲು ಸರಿಯಾಗೇ ಇತ್ತು," ಎಂದಳು ಯಶೋದ. "ಆರೋಗಂಟ ಕಾಯ್ನಿಲ್ಲ ನಾನು. ಬೇಕಂತ್ಲೇ ಬಿಸೀಲೇ ನೋಡ್ದೆ. ನೀನು ಮಾರಮ್ಮ ಇಬ್ರೂ ನನ್ನ ನೋಡ್ಕಂಡು ನಗ್ತಿದ್ರಿ."

ಮಾರಮ್ಮ ಬೈರಮ್ಮನ ಮುಖ ನೋಡಿದಳು. ಬೈರಮ್ಮನಿಗೆ ನೆನಪು ಮಾಡಿಕೊಳ್ಳಲು ತುಸು ಹೊತ್ತು ಬೇಕಾಯಿತು. ಆಮೇಲೆ ಅವಳು ಮಗಳ ಕಡೆ ತಿರುಗಿ ನೋಡಿ, ಮತ್ತೆ ಈ ಕಡೆ ತಿರುಗಿದಳು.

"ಅವತ್ತು ಬೆಳಿಗ್ಗೆ ಇವಳು ದೊಡ್ಡೋಳಾಗಿದ್ಲು ಕಣವ್ವ. ಇನ್ನೂ ಯಾರ್ಗೂ ಏಳಿರ್ನಿಲ್ಲ. ತಡೀನಾರ್ದೆ ಮಾರಮ್ಮನ ಕಿವೀಲಿ ಏಳ್ದೆ. ಅದ್ಕೇ ನಗ್ತಿದ್ದೊ. ಅದ್ರಾಗೆ ನಿಂಗೇನಾಯ್ತು?"

ಎಲ್ಲರೂ ಕಾಯುತ್ತಿದ್ದರು. ತಪ್ಪಾಯಿತು ಎಂದು ಕಾಲು ಹಿಡಿದುಬಿಡಬಹುದಿತ್ತು, ಅದು ಸುಲಭವಿತ್ತು. ಒಂದು ಗಳಿಗೆಯ ಸಿಟ್ಟು ಎನ್ನಬಹುದಿತ್ತು. ಕಾರಣವಿಲ್ಲದ ತಪ್ಪೊಪ್ಪಿಗೆಯನ್ನು ಊರು ನಂಬುವುದಿಲ್ಲ. ಒಸಗೆಯ ದಿನ ಪಾಪ ಅಂತ ಅಂದಳು, ನೀರಂತೂ ಇತ್ತು ಎನ್ನುತ್ತಾರೆ; ಸ್ವತಃ ಅವಳೇ ಆಗಿದ್ದರೂ ಹಾಗೆ ಅನ್ನುತ್ತಿದ್ದಳು.  ಯಶೋದ ಬೈರಮ್ಮನ ಕೈ ಹಿಡಿದಳು, ಹಿಡಿದು ಅರಿಸಿನದ ಸಮೇತ ತನ್ನ ಗದ್ದದ ಮೇಲೆ ಇಟ್ಟುಕೊಂಡು, ಬೆಳಕಿನ ಕಡೆ ಮುಖ ತಿರುಗಿಸಿದಳು. ಹದಿನಾರು ಕಡೆ ಒಟ್ಟಿಗೇ ಉರಿ ಹತ್ತಿತು. ಬೈರಮ್ಮನ ಬೆರಳು ಊತದ ಮೇಲೆ ಹೋಯಿತು, ಹಕ್ಕಳೆಯ ಮೇಲೆ, ಮೊಂಡು ಕೂದಲಿನ ಮೇಲೆ, ನಿಂತಿತು, ಮತ್ತೆ ಒಂದು ಸಲ ಹಿಂದಕ್ಕೆ ಹೋಗಿ ನೋಡಿತು.

"ಇಷ್ಟಕ್ಕಾ?" ಎಂದಳು ಬೈರಮ್ಮ.

ಅವಳ ಕಣ್ಣಿನಲ್ಲಿ ನೀರು ಬಂದಿತ್ತು, ಅದು ಕರುಣೆಯೋ ಸಿಟ್ಟೋ ತಿಳಿಯುವಂತಿರಲಿಲ್ಲ.  ಉಳಿದ ಅರಿಸಿನವನ್ನು ಎರಡೂ ಕೆನ್ನೆಗೆ, ಬೇರೆಯವರಿಗೆ ಹಚ್ಚಿದಷ್ಟೇ, ಹೆಚ್ಚಿಲ್ಲ ಕಡಿಮೆಯಿಲ್ಲ, ಹಚ್ಚಿದಳು. ಏಳುವಾಗ ಮಂಡಿಯ ಮೇಲೆ ಕೈಯೂರಿ ಹೇಳಿದಳು: "ಇಲ್ಲಿ ಏಳಿದ್ದು ಸಾಲ್ದು. ಬೆಳಿಗ್ಗೆ ಎಲ್ಲಾರ್ ಕ್ಯಾನೂ ಬಂದ್ ಮ್ಯಾಕೆ ಅಲಗೆ ತಾವ ನಿಂತು ಏಳು. ಈ ಗದ್ದದ್ನೂ ಸೇರಿಸಿ ಏಳು. ಇಲ್ದಿದ್ರೆ ಯಾರೂ ನಂಬಾಕಿಲ್ಲ."

ಏಳ್ತೀನಿ, ಎಂದಳು ಯಶೋದ. ಬೈರಮ್ಮ ಬಟ್ಟಲು ಎತ್ತಿಕೊಂಡು ಮುಂದಿನವಳ ಮುಂದೆ ಹೋಗಿ ಕೂತಳು. ಗದ್ದ ಧಗಧಗ ಉರಿಯುತ್ತಿತ್ತು. ಯಶೋದ ಅಭ್ಯಾಸದಂತೆ ಒಂದೊಂದೇ ಮುಖವನ್ನು ಹುಡುಕುತ್ತ ಹೋದಳು: ಮಾರಮ್ಮ, ಅವಳ ಆಚೆಯವಳು, ಬಾಗಿಲಿಗೆ ಒರಗಿದ ಮುದುಕಿ, ಮಣೆಯ ಮೇಲಿನ ಹುಡುಗಿ. ಯಾರೂ ನಗುತ್ತಿರಲಿಲ್ಲ. ಯಾರಾದರೂ ಒಬ್ಬರು ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎನ್ನಿಸಿತು ಅವಳಿಗೆ.